ರಹೀಂ ಸಾಹೇಬರ ವ್ಯೂಹವೂ ಅವರ ವೀರರೂ

ಹನ್ನೊಂದು ಮಂದಿಯ ಕಾಲ್ಚೆಂಡಾಟದ ತಂಡದಲ್ಲಿ ಅಸಾಧಾರಣರೆನಿಸಿದ ಆಟಗಾರರು ಮೂವರಿದ್ದರೆ ಆ ತಂಡದ ಶಿಕ್ಷಕನ ಕೆಲಸವು ಹಗುರವಾಗುವುದೋ ಭಾರವಾಗುವುದೋ ಎಂಬ ಪ್ರಶ್ನೆಯು ಮೇಲುನೋಟಕ್ಕೆ ಕಾಣುವಷ್ಟು ಸರಳವಾದುದಲ್ಲ. ಹಗುರವೆಂದೇ ಬಹುಮಂದಿ ಹೇಳುವರು. ಚೆಂಡನ್ನು ಆ ಮೂವರ ಕಾಲಿಗೆ ತಲುಪಿಸಿದರೆ ಸಾಕು, ಮಿಕ್ಕುದು ತಾನಾಗಿಯೇ ಆಗುವುದೆಂಬುದು ಅವರ ವಾದ. ಆದರೆ ಯಕ್ಷಗಾನದ ಮೇಳವನ್ನು ನಡೆಸಿದ ಯಾವ ಯಜಮಾನರನ್ನಾದರೂ ಕೇಳಿ ನೋಡಬೇಕು. ಹೆಸರಾಂತ ವೇಷಧಾರಿಯೊಬ್ಬನನ್ನು ಕರೆತಂದ ದಿನದಿಂದ ಭಾಗವತರ ತಾಳವೂ ಬದಲಾಗುವುದು, ಚಿಕ್ಕ ವೇಷದವರ ಮನಸ್ಸೂ ಬದಲಾಗುವುದು; ಆ ವೇಷಧಾರಿಗೆ ಜ್ವರ ಬಂದ ರಾತ್ರಿ ಇಡೀ ಮೇಳಕ್ಕೇ ಜ್ವರ ಬರುವುದು. ಆಟದ ಬಯಲಿನಲ್ಲಿಯೂ ಸ್ಥಿತಿಯು ಇದಕ್ಕಿಂತ ಬೇರೆಯಾಗಿಲ್ಲ.

ಈ ಪ್ರಶ್ನೆಗೆ ನಮ್ಮ ದೇಶದಲ್ಲಿ ಒಬ್ಬ ಶಾಲಾ ಉಪಾಧ್ಯಾಯರು ತಮ್ಮ ಆಯುಷ್ಯವನ್ನೇ ವೆಚ್ಚಮಾಡಿ ಒಂದು ಉತ್ತರವನ್ನು ಹುಡುಕಿದರು. ಅವರೇ ಹೈದರಾಬಾದಿನ ಸಯ್ಯದ್ ಅಬ್ದುಲ್ ರಹೀಂ ಅವರು. ೨೦೨೪ರಲ್ಲಿ 'ಮೈದಾನ್' ಎಂಬ ಹಿಂದಿ ಚಲನಚಿತ್ರವು ಬಂದ ಮೇಲೆ ಈ ಹೆಸರು ಅನೇಕ ಮನೆಗಳಲ್ಲಿ ಕೇಳಿಬಂದಿತು. ಚಲನಚಿತ್ರವೆಂದ ಮೇಲೆ ಅದರಲ್ಲಿ ಕಣ್ಣೀರೂ ಕೋಲಾಹಲವೂ ಇರತಕ್ಕದ್ದೇ. ಅದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ರಹೀಮರು ತಂಡವನ್ನು ಹೇಗೆ ಹೂಡುತ್ತಿದ್ದರು, ಪ್ರಸಿದ್ಧರಾದ ಆಟಗಾರರನ್ನು ಹೇಗೆ ನಡೆಯಿಸಿಕೊಳ್ಳುತ್ತಿದ್ದರು ಎಂಬ ವಿಚಾರವು ತೆರೆಯ ಮೇಲೆ ತೋರಿಸುವುದಕ್ಕೆ ಅಷ್ಟೇನೂ ಅನುಕೂಲವಾದುದಲ್ಲ. ಅದನ್ನು ಕಾಗದದ ಮೇಲೆ ಬರೆದು ಓದುವುದೇ ಮೇಲು.

ರಹೀಮರು ೧೯೦೯ನೆಯ ಇಸವಿ ಆಗಸ್ಟ್ ೧೭ರಂದು ಹೈದರಾಬಾದಿನಲ್ಲಿ ಹುಟ್ಟಿದರು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಅಲ್ಲಿಯ ತಂಡದಲ್ಲಿ ಆಡಿ, ಅನಂತರ ಆ ನಗರದ ಶಾಲೆಗಳಲ್ಲಿ ಪಾಠ ಹೇಳುವ ವೃತ್ತಿಯನ್ನು ಹಿಡಿದರು. ೧೯೪೩ರಿಂದ ಹೈದರಾಬಾದಿನ ಕಾಲ್ಚೆಂಡಾಟದ ಸಂಘಕ್ಕೆ ಕಾರ್ಯದರ್ಶಿಗಳಾದರು. ೧೯೫೦ರಿಂದ ಹೈದರಾಬಾದು ನಗರ ಪೋಲೀಸರ ತಂಡಕ್ಕೆ ಗುರುಗಳಾದರು. ಆ ಪೋಲೀಸರು ೧೯೫೦ರಿಂದ ೧೯೫೪ರ ವರೆಗೆ ಎಡೆಬಿಡದೆ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದರೆಂದರೆ ಗುರುಗಳ ಯೋಗ್ಯತೆಯನ್ನು ಬೇರೆ ಹೇಳಬೇಕಾದುದಿಲ್ಲ. ದೊಡ್ಡ ಆಟಗಾರರೆಂದು ಅವರು ಹೆಸರು ಪಡೆದವರಲ್ಲ. ಅವರನ್ನು ಬಲ್ಲವರು ಮೊದಲು ನೆನೆಯುವುದು ಅವರೊಳಗಿದ್ದ ಉಪಾಧ್ಯಾಯರನ್ನೇ. ತರಗತಿಯಲ್ಲಿ ಮೊದಲ ಬೆಂಚಿನ ಬುದ್ಧಿವಂತನೊಬ್ಬನೇ ಎಲ್ಲ ಪ್ರಶ್ನೆಗಳಿಗೂ ಉತ್ತರ ಹೇಳಿಬಿಟ್ಟರೆ ಪಾಠ ನಡೆಯಿತೆಂದು ಒಳ್ಳೆಯ ಉಪಾಧ್ಯಾಯನು ತೃಪ್ತನಾಗುವುದಿಲ್ಲ. ಆ ಅಭ್ಯಾಸವನ್ನೇ ಅವರು ಬಯಲಿಗೂ ತಂದರೆಂದು ನಮಗೆ ತೋರುತ್ತದೆ.

ಆಗಿನ ಕಾಲದ ಭಾರತದ ಆಟವು ಎಂತಹುದಾಗಿತ್ತೆಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ಚೆಂಡನ್ನು ಕಾಲಿಗೆ ಅಂಟಿಸಿಕೊಂಡವರಂತೆ ಉರುಳಿಸುತ್ತ, ಅಡ್ಡಬಂದವರನ್ನು ಎಡಕ್ಕೂ ಬಲಕ್ಕೂ ಬಾಗಿ ತಪ್ಪಿಸುತ್ತ ಒಬ್ಬನೇ ಮುಂದೆ ಸಾಗುವುದಕ್ಕೆ ಡ್ರಿಬ್ಲಿಂಗ್ ಎಂದು ಹೆಸರು. ನಮ್ಮವರಿಗೆ ಅದರಲ್ಲಿ ಬಹಳ ಮೋಹ. ಬರಿಗಾಲಿನಲ್ಲಿ ಆಡುತ್ತಿದ್ದುದರಿಂದ ಚೆಂಡಿನ ಮೇಲೆ ಅವರಿಗೆ ಹಿಡಿತವೂ ಹೆಚ್ಚು. ನಮ್ಮ ಬೆಂಗಳೂರು ಈ ವಿದ್ಯೆಯ ತೌರುಮನೆಗಳಲ್ಲಿ ಒಂದಾಗಿತ್ತು. ದಂಡುಪ್ರದೇಶದಲ್ಲಿ ಸಿಪಾಯಿಗಳು ಆಡುವುದನ್ನು ನೋಡಿ ಕಲಿತ ಹುಡುಗರೇ ಬೆಳೆದು ದೊಡ್ಡ ದೊಡ್ಡ ತಂಡಗಳನ್ನು ಸೋಲಿಸಿದರು. ೧೯೩೭, ೧೯೩೮ನೆಯ ಇಸವಿಗಳಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ರೋವರ್ಸ್ ಕಪ್ಪನ್ನು ತಂದುದನ್ನೂ, ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಮೇಲೆ ಭಾರತದ ಒಂದೇ ಗೋಲನ್ನು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರು ಹೊಡೆದುದನ್ನೂ ನಮ್ಮ ನಗರದ ಹಿರಿಯರು ಬಹುಕಾಲ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಬೆಂಗಳೂರಿನವರೇ ಆದ ಅಹಮದ್ ಖಾನ್ ಅವರನ್ನು ಕಲಕತ್ತೆಯ ಜನರು ಹಾವಾಡಿಗನೆಂದು ಕರೆದರು. ಅವರ ಕಾಲಿನ ಮುಂದೆ ಚೆಂಡು ಹಾವಿನಂತೆ ತಲೆದೂಗುತ್ತಿತ್ತೆಂದು ಇದರ ಅರ್ಥ.

ಇಂತಹ ಆಟದಿಂದ ೧೯೫೧ರಲ್ಲಿ ದೆಹಲಿಯ ಮೊದಲನೆಯ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನವೂ ಬಂದಿತು. ಕೊನೆಯ ಪಂದ್ಯದಲ್ಲಿ ಇರಾನಿನ ಮೇಲೆ ಮೇವಾಲಾಲರು ಹೊಡೆದ ಒಂದೇ ಗೋಲಿನಿಂದ ಜಯವಾಯಿತು. ಮರುವರ್ಷ ಹೆಲ್ಸಿಂಕಿಯ ಒಲಿಂಪಿಕ್ಸಿಗೆ ಹೋದರೆ ಯುಗೋಸ್ಲಾವಿಯದವರು ಹತ್ತು ಗೋಲು ಹಾಕಿದರು. ನಮ್ಮವರು ಹಾಕಿದುದು ಒಂದು. ಆ ಒಂದು ಅಹಮದ್ ಖಾನರದು. ಚಳಿಯ ನಾಡಿನಲ್ಲಿ ಬಹುಮಂದಿ ಬರಿಗಾಲಿನಲ್ಲಿಯೇ ಆಡಿದ್ದರು. ಈ ಸೋಲಿನಿಂದ ಎಲ್ಲರೂ ಕಲಿತ ಪಾಠವೆಂದರೆ ಬೂಟು ಹಾಕಿಕೊಳ್ಳಬೇಕೆಂಬುದು. ಅದನ್ನು ಕೂಡಲೇ ಕಡ್ಡಾಯವಾಗಿ ವಿಧಿಸಿದರು. ಶಿಕ್ಷಕರಾಗಿ ಜತೆಗಿದ್ದ ರಹೀಮರಿಗೆ ಕಂಡ ದೋಷವು ಪಾದದಲ್ಲಿ ಮಾತ್ರ ಇರಲಿಲ್ಲ. ಎದುರಾಳಿಗಳು ಚೆಂಡನ್ನು ಓಡಿಸುತ್ತಿದ್ದರು, ನಮ್ಮವರು ಚೆಂಡಿನೊಡನೆ ತಾವೂ ಓಡುತ್ತಿದ್ದರು. ಮನುಷ್ಯನು ಎಷ್ಟೇ ವೇಗಶಾಲಿಯಾದರೂ ಒದ್ದ ಚೆಂಡಿಗಿಂತ ವೇಗವಾಗಿ ಓಡಲಾರನಷ್ಟೆ.

ಇದಕ್ಕೆ ಅವರ ಬಳಿ ಮದ್ದು ಮೊದಲಿನಿಂದಲೂ ಸಿದ್ಧವಾಗಿತ್ತು. ಹೈದರಾಬಾದಿನಲ್ಲಿ ಅವರು ಎರಡು ವಿಚಿತ್ರವಾದ ಪಂದ್ಯಾವಳಿಗಳನ್ನು ಏರ್ಪಡಿಸಿದ್ದರು. ಒಂದರಲ್ಲಿ ಡ್ರಿಬ್ಲಿಂಗ್ ನಿಷಿದ್ಧ: ಚೆಂಡು ಬಂದೊಡನೆ ಅದನ್ನು ಇನ್ನೊಬ್ಬನಿಗೆ ದಾಟಿಸಿಬಿಡಬೇಕು. ಇನ್ನೊಂದು ಕೈಲಾಗದ ಕಾಲಿನ ಪಂದ್ಯಾವಳಿ! ಎಂದರೆ, ಬಲಗಾಲಿನ ಆಟಗಾರನು ಎಡಗಾಲಿನಿಂದಲೇ ಒದೆಯಬೇಕು, ಎಡಗಾಲಿನವನು ಬಲಗಾಲಿನಿಂದ. ಬಲಗೈಯವನಿಗೆ ಎಡಗೈಯಲ್ಲಿ ಅಕ್ಷರ ತಿದ್ದಿಸಿದಂತೆ ಇದು. ನೋಡಲು ಬಂದ ಜನಕ್ಕೆ ನಗೆಯೂ ಬಂದಿರಬೇಕು. ಆದರೆ ಈ ನಿಯಮದ ಒಳಗುಟ್ಟನ್ನು ಯೋಚಿಸಿ ನೋಡಿದರೆ ಉಪಾಧ್ಯಾಯರ ಜಾಣತನವು ತಿಳಿಯುತ್ತದೆ. ಡ್ರಿಬ್ಲಿಂಗ್ ಇಲ್ಲದ ಪಂದ್ಯದಲ್ಲಿ ಪ್ರತಿಭಾವಂತನಿಗೆ ಅವನ ಅತ್ಯಂತ ಪ್ರಿಯವಾದ ಆಯುಧವು ಇಲ್ಲದಂತಾಗುತ್ತದೆ. ಅವನು ತಲೆಯೆತ್ತಿ ಜತೆಯವರು ಎಲ್ಲಿರುವರೆಂದು ನೋಡಲೇಬೇಕು. ಅಂತೆಯೇ ಸಾಧಾರಣ ಆಟಗಾರನಿಗೆ ತಾನು ಇರುವ ಸ್ಥಳದ ಬೆಲೆಯು ತಿಳಿಯುತ್ತದೆ; ಏಕೆಂದರೆ ಚೆಂಡು ಈ ಗಳಿಗೆಯಲ್ಲಿ ಅವನ ಬಳಿಗೇ ಬರಬಹುದು.

ಇನ್ನು ವ್ಯೂಹದ ವಿಚಾರ. ಕ್ರೀಡೆಯ ಪರಿಚಯವಿಲ್ಲದ ವಾಚಕರಿಗೆ ಇಷ್ಟು ತಿಳಿದರೆ ಸಾಕು. ಗೋಲನ್ನು ಕಾಯುವವನೊಬ್ಬನನ್ನು ಬಿಟ್ಟರೆ ಉಳಿದ ಹತ್ತು ಮಂದಿಯನ್ನು ಬಯಲಿನ ಮೇಲೆ ಹೇಗೆ ಹಂಚಬೇಕೆಂಬುದೇ ಶಿಕ್ಷಕನ ಮುಖ್ಯವಾದ ಲೆಕ್ಕ. ಹಿಂದಿನ ಕಾಲದಲ್ಲಿ ಇಬ್ಬರು ಹಿಂದೆ, ಮೂವರು ನಡುವೆ, ಐವರು ಮುಂದೆ ನಿಲ್ಲುತ್ತಿದ್ದರು. ೧೯೨೫ರಲ್ಲಿ ಆಟದ ನಿಯಮವೊಂದು ಬದಲಾಗಿ ಮುಂದಿನವರಿಗೆ ಹೆಚ್ಚು ಸಲಿಗೆ ದೊರೆತುದರಿಂದ ಇಂಗ್ಲೆಂಡಿನವರು ನಡುವಿನವನನ್ನು ಹಿಂದಕ್ಕೆ ಎಳೆದು ಮೂರನೆಯ ಕಾವಲುಗಾರನನ್ನಾಗಿ ಮಾಡಿಕೊಂಡರು. ಮುಂದಿನ ಐವರಲ್ಲಿ ಇಬ್ಬರನ್ನು ಕೊಂಚ ಹಿಂದಕ್ಕೆ ಸರಿಸಿದರು. ಮೇಲಿನಿಂದ ನೋಡಿದರೆ ಡಬ್ಲ್ಯು ಮತ್ತು ಎಂ ಎಂಬ ಇಂಗ್ಲಿಷ್ ಅಕ್ಷರಗಳಂತೆ ಕಾಣುವುದೆಂದು ಆ ಹೆಸರೇ ಅದಕ್ಕೆ ನಿಂತಿತು. ಅನಂತರ ೧೯೫೩ರಲ್ಲಿ ಹಂಗೇರಿಯವರು ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು ಆರಕ್ಕೆ ಮೂರರಂತೆ ಸೋಲಿಸಿದಾಗ ಇನ್ನೊಂದು ಹೂಟವು ಲೋಕಕ್ಕೆ ತಿಳಿಯಿತು. ಅವರ ಮಧ್ಯದ ಮುಂದಾಳಾದ ಹಿಡೆಕುಟಿ ಎಂಬವರು ತಾವು ಇರಬೇಕಾದ ಜಾಗದಲ್ಲಿ ಇರಲೇ ಇಲ್ಲ. ಹಿಂದೆ ಸರಿದು ನಿಂತರು. ಅವರನ್ನು ಕಾಯಬೇಕಾಗಿದ್ದ ಇಂಗ್ಲೆಂಡಿನ ಆಟಗಾರನು ಹಿಂಬಾಲಿಸಿ ಹೋದರೆ ಮನೆಯ ಬಾಗಿಲು ತೆರೆಯುವುದು, ಹೋಗದಿದ್ದರೆ ಕಳ್ಳನು ಅಂಗಳದಲ್ಲಿ ನಿರಾತಂಕವಾಗಿ ಓಡಾಡುವನು.

ರಹೀಮರು ಇವನ್ನೆಲ್ಲ ಕುತೂಹಲದಿಂದ ನೋಡಿ ತಮ್ಮ ಹುಡುಗರಿಗೆ ಒಗ್ಗಿಸಿದರು. ೧೯೫೬ರ ಮೆಲ್ಬೋರ್ನ್ ಒಲಿಂಪಿಕ್ಸಿನ ವೇಳೆಗೆ ಹಿಂದೆ ನಾಲ್ವರು, ನಡುವೆ ಇಬ್ಬರು, ಮುಂದೆ ನಾಲ್ವರು ಎಂಬ ಕ್ರಮದ ಕಡೆಗೆ ಅವರು ತಿರುಗಿದ್ದರೆಂದು ಆ ತಂಡದ ಆಟವನ್ನು ಬಲ್ಲವರು ಹೇಳುತ್ತಾರೆ. ಬ್ರೆಜಿಲ್ ದೇಶದವರು ಆ ಕ್ರಮದಿಂದ ಲೋಕವನ್ನು ಬೆರಗುಗೊಳಿಸಿದುದು ೧೯೫೮ರಲ್ಲಿ. ಮೆಲ್ಬೋರ್ನಿನಲ್ಲಿ ನಮ್ಮವರು ಆಸ್ಟ್ರೇಲಿಯವನ್ನು ಅದರ ನೆಲದಲ್ಲಿಯೇ ನಾಲ್ಕಕ್ಕೆ ಎರಡರಂತೆ ಸೋಲಿಸಿದರು. ಆ ನಾಲ್ಕರಲ್ಲಿ ಮೂರು ಗೋಲುಗಳನ್ನು ನೆವಿಲ್ ಡಿಸೋಜಾ ಒಬ್ಬರೇ ಹೊಡೆದರು. ಒಲಿಂಪಿಕ್ಸಿನಲ್ಲಿ ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದ ಮೊದಲ ಏಷ್ಯದವರು ಅವರು. ತಂಡದ ನಡುಕಟ್ಟಿನಲ್ಲಿ ಹೈದರಾಬಾದಿನ ನೂರ್ ಮಹಮ್ಮದರೂ ಬೆಂಗಳೂರಿನ ಮರಿಯಪ್ಪ ಕೆಂಪಯ್ಯನವರೂ ಇದ್ದರು. ಗೋಲು ಹೊಡೆದವರ ಹೆಸರು ಪತ್ರಿಕೆಯಲ್ಲಿ ಬರುವುದು ವಾಡಿಕೆ. ಹಿಂದೆ ಬಂದ ಚೆಂಡನ್ನು ತಡೆದು, ಸರಿಯಾದ ಕಾಲಿಗೆ ಮುಂದಕ್ಕೆ ಒಪ್ಪಿಸುವ ಕೆಂಪಯ್ಯನಂತಹವರ ಹೆಸರು ಬರುವುದು ಅಪರೂಪ. ನಮ್ಮ ನಾಡಿನವರೆಂಬ ಅಭಿಮಾನದಿಂದಲಾದರೂ ಇಲ್ಲಿ ಅದನ್ನು ಬರೆಯುತ್ತೇವೆ. ಅರೆಕೊನೆಯ ಪಂದ್ಯದಲ್ಲಿ ನೆವಿಲರೇ ಮೊದಲ ಗೋಲನ್ನು ಹೊಡೆದರೂ ಯುಗೋಸ್ಲಾವಿಯದವರು ನಾಲ್ಕು ಹೊಡೆದು ಗೆದ್ದರು. ಬಲ್ಗೇರಿಯದ ಮುಂದೆಯೂ ಸೋತು ಭಾರತವು ನಾಲ್ಕನೆಯದಾಗಿ ನಿಂತಿತು. ಒಲಿಂಪಿಕ್ಸಿನ ಕಾಲ್ಚೆಂಡಾಟದಲ್ಲಿ ನಮ್ಮ ದೇಶವು ಅದಕ್ಕಿಂತ ಮೇಲೆ ಏರಿದುದೇ ಇಲ್ಲ.

ಮುಂದಿನ ನಾಲ್ಕು ವರ್ಷಗಳಲ್ಲಿ ರಹೀಮರ ಕೈಗೆ ಮೂರು ರತ್ನಗಳು ಬಂದು ಸೇರಿದವು. ಬಲಗಡೆಯ ಅಂಚಿನಲ್ಲಿ ಸಿಡಿಲಿನಂತೆ ನುಗ್ಗಿ ಒದೆಯುತ್ತಿದ್ದ ಪ್ರದೀಪ್ ಕುಮಾರ್ ಬ್ಯಾನರ್ಜಿಯವರು ಒಬ್ಬರು. ಜನರು ಅವರನ್ನು ಪಿ.ಕೆ. ಎಂದೇ ಕರೆಯುವರು. ಮೋಹನ್ ಬಗಾನ್ ತಂಡದ ಚುನಿ ಗೋಸ್ವಾಮಿಯವರು ಇನ್ನೊಬ್ಬರು. ಚೆಂಡಿನ ಮೇಲೆ ಅವರಿಗಿದ್ದ ಹಿಡಿತವೂ, ಬಾಗಿ ಬಳುಕಿ ಸಾಗುವ ಅಂದವೂ ನೋಡುವವರ ಕಣ್ಣಿಗೆ ಹಬ್ಬ; ಮುಂದೆ ಅವರು ಬಂಗಾಳದ ಕ್ರಿಕೆಟ್ ತಂಡಕ್ಕೂ ನಾಯಕರಾದರು. ಮೂರನೆಯವರು ತುಳಸಿದಾಸ್ ಬಲರಾಮರು. ಇವರು ಸಿಕಂದರಾಬಾದಿನ ಬಳಿಯ ಅಮ್ಮುಗೂಡದ ಬಡಮನೆಯ ಮಗ. ಈ ಹುಡುಗನನ್ನು ಗುರುತಿಸಿ ಕರೆತಂದವರು ರಹೀಮರೇ. ಅಷ್ಟು ದೂರದಿಂದ ಅಭ್ಯಾಸಕ್ಕೆ ಬರುವುದಕ್ಕೆ ಸೈಕಲ್ಲಿನ ಅನುಕೂಲವನ್ನು ಅವರೇ ಮಾಡಿಕೊಟ್ಟರೆಂದು ಬಲರಾಮರು ಮುಪ್ಪಿನಲ್ಲಿಯೂ ಸ್ಮರಿಸುತ್ತಿದ್ದರು. ೧೯೬೦ರ ರೋಮ್ ಒಲಿಂಪಿಕ್ಸಿನಲ್ಲಿ ಭಾರತವು ಹಂಗೇರಿಗೆ ಒಂದಕ್ಕೆ ಎರಡರಂತೆ ಸೋತಿತು, ಫ್ರಾನ್ಸಿನೊಡನೆ ಒಂದಕ್ಕೊಂದು ಸಮಮಾಡಿಕೊಂಡಿತು, ಪೆರುವಿಗೆ ಒಂದಕ್ಕೆ ಮೂರರಂತೆ ಸೋತಿತು. ಭಾರತದ ಆ ಮೂರು ಗೋಲುಗಳಲ್ಲಿ ಎರಡು ಬಲರಾಮರವು, ಒಂದು ಪಿ.ಕೆ.ಯವರದು. ಬೇರೆ ಯಾರೂ ಒಂದನ್ನೂ ಹೊಡೆಯಲಿಲ್ಲ.

ಇಲ್ಲಿಯೇ ನಾವು ಮೊದಲು ಎತ್ತಿದ ಪ್ರಶ್ನೆಯು ಗಂಭೀರವಾಗುತ್ತದೆ. ಡ್ರಿಬ್ಲಿಂಗ್ ಇಲ್ಲದ ಪಂದ್ಯಾವಳಿಯನ್ನು ನಡೆಯಿಸಿದ ಗುರುವಿನ ತಂಡವು ಮೂವರ ಕಾಲಿನ ಮೇಲೆ ನಿಂತಿತ್ತೇ? ನಿಂತಿತ್ತೆಂದು ಒಪ್ಪಿಕೊಳ್ಳಲೇಬೇಕು. ಚುನಿಯವರೂ ಬಲರಾಮರೂ ಒಳಭಾಗದಲ್ಲಿ ಆಡುವುದರಲ್ಲಿ ಸಮರ್ಥರು. ಇಬ್ಬರಿಗೂ ಜಾಗವು ಬೇಕು, ಜಾಗವು ಒಂದೇ. ಹಾಗಾದಾಗ ಬಲರಾಮರನ್ನು ಎಡಗಡೆಯ ಅಂಚಿಗೆ ಕಳುಹಿಸಬೇಕಾಗುತ್ತಿತ್ತು. ತನ್ನ ಕೈಯಲ್ಲಿಯೇ ಬೆಳೆದ ಶಿಷ್ಯನನ್ನು ಅಂಚಿಗೆ ಕಳುಹಿಸಿ, ಕಲಕತ್ತೆಯ ಶಿಷ್ಯನಿಗೆ ನಡುಭಾಗವನ್ನು ಕೊಡುವುದು ಗುರುವಿಗೆ ಸುಲಭವಲ್ಲ. ಆ ಶಿಷ್ಯನು ಮರುಮಾತಿಲ್ಲದೆ ಅಂಚಿಗೆ ಹೋಗಿ ಆಡುವುದೂ ಸುಲಭವಲ್ಲ. ಭೀಷ್ಮನು ಸೇನಾಪತಿಯಾಗಿರುವ ವರೆಗೆ ಆಯುಧ ಹಿಡಿಯುವುದಿಲ್ಲವೆಂದು ಕರ್ಣನು ಹತ್ತು ದಿನ ಬಿಡಾರದಲ್ಲಿ ಕುಳಿತುದರ ಫಲವನ್ನು ನಾವೆಲ್ಲ ಓದಿರುವೆವಷ್ಟೆ. ಬಲರಾಮರು ಹಾಗೆ ಕೂರಲಿಲ್ಲ. ಅಂಚಿನಲ್ಲಿದ್ದುಕೊಂಡೇ ಗೋಲುಗಳನ್ನೂ ಹೊಡೆದರು.

೧೯೬೨ರ ಆಗಸ್ಟ್ ತಿಂಗಳಿನಲ್ಲಿ ಇಂಡೋನೇಷಿಯದ ಜಕಾರ್ತಾ ನಗರದಲ್ಲಿ ನಾಲ್ಕನೆಯ ಏಷ್ಯನ್ ಕ್ರೀಡೆಗಳು ಆರಂಭವಾದವು. ಚುನಿಯವರು ತಂಡದ ನಾಯಕರು. ಬೆಂಗಳೂರಿನ ಅರುಮೈನಾಯಗಂ ಅವರೂ ತಂಡದಲ್ಲಿ ಒಬ್ಬರು. ಶಿಕ್ಷಕರಾದ ರಹೀಮರ ಶ್ವಾಸಕೋಶದಲ್ಲಿ ಆಗಲೇ ಅರ್ಬುದರೋಗವು ಮನೆಮಾಡಿತ್ತು. ಮೊದಲನೆಯ ಪಂದ್ಯದಲ್ಲಿಯೇ ದಕ್ಷಿಣ ಕೊರಿಯದವರು ಎರಡು ಗೋಲು ಹಾಕಿ ಗೆದ್ದರು. ನಮ್ಮವರಿಂದ ಒಂದೂ ಆಗಲಿಲ್ಲ. ಮೂರು ರತ್ನಗಳೂ ಬಯಲಿನಲ್ಲಿದ್ದು ತಂಡವು ಬರಿಗೈಯಲ್ಲಿ ಮರಳಿದರೆ ಶಿಕ್ಷಕನಾದವನಿಗೆ ಎರಡು ದಾರಿಗಳು ಕಾಣುವುವು. ರತ್ನಗಳನ್ನು ಬದಲಾಯಿಸುವುದು ಒಂದು. ಅವರ ಬೆನ್ನಿಗೆ ನಿಂತವರನ್ನು ಬಿಗಿಮಾಡುವುದು ಇನ್ನೊಂದು. ರಹೀಮರು ಎರಡನೆಯದನ್ನು ಹಿಡಿದರು. ತಾಯ್ಲೆಂಡಿನ ಮೇಲೆ ನಾಲ್ಕಕ್ಕೆ ಒಂದು, ಜಪಾನಿನ ಮೇಲೆ ಎರಡಕ್ಕೆ ಸೊನ್ನೆ. ಆ ಆರು ಗೋಲುಗಳನ್ನೂ ಪಿ.ಕೆ., ಚುನಿ, ಬಲರಾಮ ಈ ಮೂವರೇ ಹೊಡೆದರು.

ಆದರೆ ತಾಯ್ಲೆಂಡಿನ ಪಂದ್ಯದಲ್ಲಿ ದೊಡ್ಡದೊಂದು ಅನಾಹುತವಾಯಿತು. ಹಿಂಬದಿಯ ಕೋಟೆಯಂತಿದ್ದ ಪಂಜಾಬಿನ ಜರ್ನೈಲ್ ಸಿಂಗರ ತಲೆಯೊಡೆದು ಹೊಲಿಗೆ ಹಾಕಬೇಕಾಯಿತು. ಏಷ್ಯದಲ್ಲಿಯೇ ಅವರಿಗೆ ಸಮನಾದ ಕಾವಲುಗಾರನಿಲ್ಲವೆಂದು ಹೆಸರಾಗಿದ್ದವರು ಅವರು. ಕಾವಲುಗಾರನ ಕೆಲಸವೆಂದರೆ ಮೇಲಿನಿಂದ ಬಂದ ಚೆಂಡನ್ನು ತಲೆಯಿಂದ ತಡೆದು ಹಿಮ್ಮೆಟ್ಟಿಸುವುದು. ಆಟವು ಮುಗಿಯುವ ವರೆಗೆ ಅದು ತಪ್ಪಿದುದಲ್ಲ. ಹೊಲಿದ ತಲೆಯಿಂದ ಅದನ್ನು ಮಾಡಿಸುವುದು ಪ್ರಾಣಕ್ಕೇ ಅಪಾಯ. ಪಂದ್ಯದ ನಡುವೆ ಒಬ್ಬನ ಬದಲಿಗೆ ಇನ್ನೊಬ್ಬನನ್ನು ಇಳಿಸುವ ಪದ್ಧತಿಯು ಆಗಿನ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಸಾಮಾನ್ಯವಾಗಿ ಇರಲಿಲ್ಲವೆಂಬುದನ್ನೂ ವಾಚಕರು ನೆನಪಿನಲ್ಲಿಡಬೇಕು. ಸಾಧಾರಣ ಶಿಕ್ಷಕನು ಅಂತಹ ಆಟಗಾರನನ್ನು ಹಾಸಿಗೆಯಲ್ಲಿ ಮಲಗಿಸುತ್ತಿದ್ದನು. ದುಡುಕಿನವನು ಅದೇ ಸ್ಥಳದಲ್ಲಿ ನಿಲ್ಲಿಸಿ ದೇವರ ಮೇಲೆ ಭಾರ ಹಾಕುತ್ತಿದ್ದನು.

ರಹೀಮರು ಮಾಡಿದುದು ಯಾರ ಊಹೆಗೂ ಎಟುಕುವಂತಹುದಲ್ಲ. ಜರ್ನೈಲರು ಕಾಲೇಜಿನ ದಿನಗಳಲ್ಲಿ ಮುಂದಾಳಾಗಿ ಆಡಿದ್ದರೆಂಬುದು ಅವರಿಗೆ ತಿಳಿದಿತ್ತು. ಅರುಣ್ ಘೋಷರನ್ನು ಹಿಂಬದಿಯ ನಡುವೆ ನಿಲ್ಲಿಸಿ, ತಲೆಗೆ ಪಟ್ಟಿ ಕಟ್ಟಿಕೊಂಡ ಜರ್ನೈಲರನ್ನು ಒಯ್ದು ಎಲ್ಲರಿಗಿಂತಲೂ ಮುಂದೆ, ಮಧ್ಯದ ಮುಂದಾಳಿನ ಸ್ಥಾನದಲ್ಲಿ ನಿಲ್ಲಿಸಿದರು. ಹೆಬ್ಬಾಗಿಲನ್ನು ಕಾಯುತ್ತಿದ್ದವನನ್ನು ಕರೆದು ಲಗ್ಗೆಯ ಮುಂದಾಳತ್ವ ಕೊಟ್ಟಂತಾಯಿತು. ಮುಂದಾಳಿನ ಸ್ಥಾನದಲ್ಲಿ ಯಾವಾಗ ತಲೆ ಕೊಡಬೇಕು, ಯಾವಾಗ ಬೇಡ ಎಂಬುದನ್ನು ಆಟಗಾರನೇ ಆರಿಸಿಕೊಳ್ಳಬಹುದು; ಕಾವಲಿನ ಸ್ಥಾನದಲ್ಲಿ ಅದನ್ನು ಎದುರಾಳಿಯು ನಿರ್ಣಯಿಸುತ್ತಾನೆ. ಇದರಲ್ಲಿ ಇನ್ನೊಂದು ಲಾಭವೂ ಇತ್ತೆಂದು ನಮ್ಮ ಅಭಿಪ್ರಾಯ. ಪಿ.ಕೆ., ಚುನಿ, ಬಲರಾಮ ಈ ಮೂವರನ್ನು ಕಾಯುವುದು ಹೇಗೆಂದು ಎದುರಾಳಿಗಳು ಅಷ್ಟರೊಳಗೆ ಕಲಿತುಬಿಟ್ಟಿದ್ದರು. ಅವರ ನಡುವೆ ಹೊಸದಾಗಿ ಬಂದು ನಿಂತ ಆಜಾನುಬಾಹುವಾದ ಸರದಾರನೊಬ್ಬನು ಏನು ಮಾಡುವನೆಂಬುದು ಅವರ ಲೆಕ್ಕದಲ್ಲಿಯೇ ಇರಲಿಲ್ಲ. ಅವನ ಕಡೆಗೆ ಇಬ್ಬರು ತಿರುಗಿದರೆ ಉಳಿದ ಮೂವರಲ್ಲಿ ಒಬ್ಬನಿಗಾದರೂ ಬಿಡುವು ಸಿಕ್ಕುವುದು. ಅರೆಕೊನೆಯ ಪಂದ್ಯದಲ್ಲಿ ದಕ್ಷಿಣ ವಿಯಟ್ನಾಮಿನ ಮೇಲೆ ಮೂರಕ್ಕೆ ಎರಡರಂತೆ ಗೆಲುವಾಯಿತು. ಚುನಿಯವರದು ಎರಡು, ಜರ್ನೈಲರದು ಒಂದು.

ಕೊನೆಯ ಪಂದ್ಯವು ಸೆಪ್ಟೆಂಬರ್ ೪ರಂದು, ಮತ್ತೆ ಅದೇ ದಕ್ಷಿಣ ಕೊರಿಯದೊಡನೆ. ಬಯಲಿನ ಹೊರಗೆ ನಡೆದ ರಾಜಕೀಯವನ್ನು ಇಲ್ಲಿ ಬೆಳೆಸುವುದಿಲ್ಲ. ಇಸ್ರೇಲ್ ಮತ್ತು ತೈವಾನ್ ದೇಶಗಳವರಿಗೆ ಇಂಡೋನೇಷಿಯ ಸರಕಾರವು ಪ್ರವೇಶವನ್ನು ನಿರಾಕರಿಸಿತು. ಹೀಗಾದ ಮೇಲೆ ಇದಕ್ಕೆ ಏಷ್ಯನ್ ಕ್ರೀಡೆಗಳೆಂಬ ಹೆಸರು ಸಲ್ಲದೆಂದು ಭಾರತದ ಗುರುದತ್ ಸೋಂಧಿಯವರು ಪಟ್ಟುಹಿಡಿದರು. ಅದರಿಂದ ಜಕಾರ್ತಾದ ಜನಕ್ಕೆ ಭಾರತದ ಮೇಲೆ ಕೋಪ ಉಕ್ಕಿತು. ನಮ್ಮ ರಾಯಭಾರಿ ಕಚೇರಿಯ ಮೇಲೆ ಗುಂಪು ದಾಳಿಯಿಟ್ಟಿತು. ಸಿಖ್ಖರಾದ ಜರ್ನೈಲರೂ ತ್ರಿಲೋಕ್ ಸಿಂಗರೂ ಹೊರಗಿನವರ ಕಣ್ಣಿಗೆ ಬೀಳದಂತೆ ಬಸ್ಸಿನಲ್ಲಿ ತಗ್ಗಿ ಕುಳಿತು ಬಯಲಿಗೆ ಬಂದರೆಂದು ಜತೆಯ ಆಟಗಾರರು ಹೇಳಿದುದುಂಟು. ಸುಮಾರು ಒಂದು ಲಕ್ಷ ಜನರು ಭಾರತದ ರಾಷ್ಟ್ರಗೀತೆಯು ನುಡಿಯುವಾಗಲೂ ಕೂಗಿ ಹೀಯಾಳಿಸಿದರು. ಅಷ್ಟು ಜನರ ನಡುವೆ ನಮ್ಮವರಿಗಾಗಿ ಚಪ್ಪಾಳೆ ತಟ್ಟಿದವರೆಂದರೆ ಪಾಕಿಸ್ತಾನದ ಹಾಕಿ ತಂಡದವರು. ಈ ಒಂದು ಸಂಗತಿಯನ್ನು ಮಾತ್ರ ಬಿಟ್ಟುಹೋಗಲು ನಮಗೆ ಮನಸ್ಸಾಗಲಿಲ್ಲ.

ಹಿಂದಿನ ರಾತ್ರಿ ಆಟಗಾರರಿಗೆ ನಿದ್ರೆ ಬರಲಿಲ್ಲ. ರಹೀಮರು ಅವರೊಡನೆ ಮಾತನಾಡುತ್ತ, ನಾಳೆ ನಿಮ್ಮಿಂದ ತಮಗೊಂದು ಉಡುಗೊರೆಯು ಬೇಕೆಂದೂ, ಅದು ಚಿನ್ನದ ಪದಕವೆಂದೂ ಕೇಳಿದರಂತೆ. ಅವರಿದ್ದ ದೇಹಸ್ಥಿತಿಯಲ್ಲಿ ಆ ಮಾತಿನ ತೂಕವು ಎಷ್ಟೆಂಬುದನ್ನು ಆ ಹುಡುಗರು ಅರಿತಿರಬೇಕು. ಆದರೆ ಉಡುಗೊರೆಯನ್ನು ಕೇಳಿ ಸುಮ್ಮನೆ ಕೂರುವವರು ಅವರಲ್ಲ. ತಂಡವನ್ನು ಆರಿಸುವಾಗ ಇನ್ನೊಂದು ಕಠಿನವಾದ ಕೆಲಸವನ್ನು ಮಾಡಿದರು. ಗೋಲನ್ನು ಕಾಯುವ ಪೀಟರ್ ತಂಗರಾಜರಿಗೆ ಜ್ವರ ಬಂದಿದ್ದುದರಿಂದ ಅವರ ಸ್ಥಳದಲ್ಲಿ ಪ್ರದ್ಯೋತ್ ಬರ್ಮನ್ ಅವರು ನಿಂತು ಚೆನ್ನಾಗಿಯೇ ಆಡಿದ್ದರು. ಕೊರಿಯದವರು ಎತ್ತರದ ಚೆಂಡುಗಳನ್ನು ಗೋಲಿನ ಮುಂದೆ ಸುರಿಯುವುದರಲ್ಲಿ ನಿಪುಣರು. ತಂಗರಾಜರ ಎತ್ತರವೋ ಆರಡಿಗೂ ಮೀರಿದುದು. ಜ್ವರ ಬಿಟ್ಟಿತ್ತೆಂಬಷ್ಟರಲ್ಲಿಯೇ ರಹೀಮರು ಅವರನ್ನು ಕರೆದು ನಿಲ್ಲಿಸಿ, ಬರ್ಮನ್ ಅವರನ್ನು ಹೊರಗೆ ಕುಳ್ಳಿರಿಸಿದರು. ನ್ಯಾಯವಾಗಿ ನೋಡಿದರೆ ಬರ್ಮನ್ ಅವರಿಗೆ ಇದು ಬಹಳ ನೋವಿನ ಸಂಗತಿ. ತಪ್ಪು ಮಾಡದವನನ್ನು ಹೊರಗಿಡುವಾಗ ಶಿಕ್ಷಕನ ಮನಸ್ಸಿನಲ್ಲಿ ಏನಾಗುವುದೆಂಬುದನ್ನು, ಮದುವೆಯ ಮನೆಯಲ್ಲಿ ಅಡುಗೆಯ ಯಜಮಾನಿಕೆಯನ್ನು ಒಬ್ಬರಿಂದ ತೆಗೆದು ಇನ್ನೊಬ್ಬರಿಗೆ ಒಪ್ಪಿಸಿದ ಗೃಹಸ್ಥರು ಸ್ವಲ್ಪಮಟ್ಟಿಗೆ ಊಹಿಸಬಲ್ಲರು.

ಆಟವು ಆರಂಭವಾಗಿ ಹದಿನೇಳನೆಯ ನಿಮಿಷದಲ್ಲಿ ಪಿ.ಕೆ.ಯವರು ಗೋಲು ಹೊಡೆದರು. ಇಪ್ಪತ್ತನೆಯ ನಿಮಿಷದಲ್ಲಿ, ತಲೆಗೆ ಗಾಯವಾಗಿದ್ದ ಜರ್ನೈಲರು ಎರಡನೆಯದನ್ನು ಹೊಡೆದರು. ಅಲ್ಲಿಂದ ಮುಂದೆ ಒಂದು ಗಂಟೆಗೂ ಮಿಕ್ಕು ಕಾಲ ಆಟವೆಂದರೆ ಕೊರಿಯದವರ ಮುತ್ತಿಗೆಯನ್ನು ತಡೆಯುವುದು. ಕೇರಳದ ಚಂದ್ರಶೇಖರ್, ಅರುಣ್ ಘೋಷ್, ತ್ರಿಲೋಕ್ ಸಿಂಗ್ ಹಿಂಬದಿಯಲ್ಲಿ, ಅವರ ಬೆನ್ನಿಗೆ ತಂಗರಾಜರು. ಎಂಬತ್ತೈದನೆಯ ನಿಮಿಷದಲ್ಲಿ ಒಂದು ಗೋಲು ಒಳಹೊಕ್ಕಿತು. ಉಳಿದ ಐದು ನಿಮಿಷಗಳನ್ನು ಹೇಗೋ ಕಳೆದು ಭಾರತವು ಎರಡಕ್ಕೆ ಒಂದರಂತೆ ಗೆದ್ದಿತು. ರಹೀಮರಿಗೆ ಉಡುಗೊರೆ ಸಂದಿತು.

ಜಕಾರ್ತಾದ ಐದು ಪಂದ್ಯಗಳಲ್ಲಿ ಭಾರತವು ಹೊಡೆದುದು ಒಟ್ಟು ಹನ್ನೊಂದು ಗೋಲು. ಅವುಗಳಲ್ಲಿ ಪಿ.ಕೆ.ಯವರು ನಾಲ್ಕು, ಚುನಿಯವರು ಮೂರು, ಬಲರಾಮರು ಎರಡು, ಜರ್ನೈಲರು ಎರಡು. ನಾಲ್ವರ ಹೊರತು ಐದನೆಯವನ ಹೆಸರಿಲ್ಲ. ಆ ನಾಲ್ವರಲ್ಲಿಯೂ ಒಬ್ಬರು ಮೂಲತಃ ಕಾವಲುಗಾರರು. ಈ ಲೆಕ್ಕವನ್ನು ಮುಂದಿಟ್ಟುಕೊಂಡು, ಗೆದ್ದವರು ನಾಲ್ಕು ಮಂದಿ ಪ್ರತಿಭಾವಂತರು, ಶಿಕ್ಷಕರ ಭಾಗ್ಯ ಚೆನ್ನಾಗಿತ್ತು ಎಂದು ಹೇಳುವವರೂ ಇರಬಹುದು. ಆ ಮಾತನ್ನು ನಾವು ಒಪ್ಪುವುದಿಲ್ಲ. ಅದೇ ಮೂವರು ತಮ್ಮ ತಮ್ಮ ವಿದ್ಯೆಯನ್ನೆಲ್ಲ ಹೊತ್ತುಕೊಂಡೇ ಮೊದಲ ಪಂದ್ಯದಲ್ಲಿ ಅದೇ ಕೊರಿಯಕ್ಕೆ ಸೋತಿರಲಿಲ್ಲವೇ? ನಡುವೆ ಬದಲಾದುದು ಅವರ ಪ್ರತಿಭೆಯಲ್ಲ. ಅವರ ನಡುವೆ ಯಾರು ನಿಂತರು, ಹಿಂದೆ ಯಾರು ನಿಂತರು ಎಂಬುದಷ್ಟೇ ಬದಲಾಯಿತು. ದೊಡ್ಡ ಆಟಗಾರನನ್ನು ನಂಬುವುದರಲ್ಲಿಯೂ ಎರಡು ಬಗೆಯುಂಟು. ಅವನೇ ಏನಾದರೂ ಮಾಡುವನೆಂದು ಕಾದು ಕೂರುವುದು ಒಂದು ಬಗೆ. ಅವನಲ್ಲಿ ಲೋಕಕ್ಕೆ ಕಾಣದ ಇನ್ನೊಂದು ಗುಣವನ್ನು ಹುಡುಕಿ, ಅದನ್ನು ಬೇಕಾದ ಜಾಗದಲ್ಲಿ ಬಳಸಿಕೊಳ್ಳುವುದು ಇನ್ನೊಂದು. ರಹೀಮರದು ಎರಡನೆಯ ಬಗೆಯಾಗಿತ್ತು. ಅದಕ್ಕೆ ಬಹಳ ಕಾಲದ ಒಡನಾಟವೂ ಸೂಕ್ಷ್ಮವಾದ ಜ್ಞಾಪಕಶಕ್ತಿಯೂ ಬೇಕು.

ಹೀಗೆಂದು ಅವರ ಕ್ರಮದಲ್ಲಿ ಕೊರತೆಯೇ ಇರಲಿಲ್ಲವೆಂದೂ ನಾವು ಹೇಳಲಾರೆವು. ಯಾರ ಕಾಲು ಯಾವ ಜಾಗಕ್ಕೆ ಸಲ್ಲುವುದೆಂಬ ಲೆಕ್ಕವೆಲ್ಲ ಒಬ್ಬರ ತಲೆಯಲ್ಲಿ ಇದ್ದಿತು. ಮನೆಯ ಲೆಕ್ಕಪತ್ರಗಳನ್ನೆಲ್ಲ ಬಾಯಿಪಾಠವಾಗಿ ಇಟ್ಟುಕೊಂಡ ಹಿರಿಯರ ಸಂಗತಿಯನ್ನು ಅನೇಕ ಕುಟುಂಬಗಳು ಬಲ್ಲವು. ರಹೀಮರು ೧೯೬೩ರ ಜೂನ್ ೧೧ರಂದು, ಜಕಾರ್ತಾದಿಂದ ಹಿಂತಿರುಗಿದ ಒಂಬತ್ತು ತಿಂಗಳಿಗೆ, ಹೈದರಾಬಾದಿನಲ್ಲಿ ತೀರಿಕೊಂಡರು. ವಯಸ್ಸು ಐವತ್ತಮೂರು. ಅದೇ ವರ್ಷ ಬಲರಾಮರೂ ಅನಾರೋಗ್ಯದಿಂದ ಆಟವನ್ನು ಬಿಟ್ಟರು. ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ೧೯೬೪ರಲ್ಲಿ ಚುನಿಯವರ ನಾಯಕತ್ವದಲ್ಲಿ ಭಾರತವು ಏಷ್ಯಾ ಕಪ್ಪಿನಲ್ಲಿ ಎರಡನೆಯದಾಗಿ ಬಂದಿತು. ಅದೇ ವರ್ಷ ಚುನಿಯವರು ಅಂತರರಾಷ್ಟ್ರೀಯ ಪಂದ್ಯಗಳಿಂದ ನಿವೃತ್ತರಾದರು. ೧೯೬೬ರ ಬ್ಯಾಂಕಾಕ್ ಏಷ್ಯನ್ ಕ್ರೀಡೆಗಳಲ್ಲಿ ಭಾರತದ ತಂಡವು ಮೊದಲ ಸುತ್ತಿನಿಂದಲೇ ಮರಳಿತು. ೧೯೬೦ರ ರೋಮಿನ ತರುವಾಯ ಒಲಿಂಪಿಕ್ಸಿನ ಕಾಲ್ಚೆಂಡಾಟಕ್ಕೆ ಭಾರತವು ಅರ್ಹತೆಯನ್ನು ಪಡೆದುದಿಲ್ಲ. ೧೯೬೨ರ ತರುವಾಯ ಏಷ್ಯನ್ ಕ್ರೀಡೆಗಳ ಚಿನ್ನವೂ ಬಂದುದಿಲ್ಲ.

ನಡುವೆ ಒಮ್ಮೆ ಮಾತ್ರ, ೧೯೭೦ರಲ್ಲಿ, ಮತ್ತೆ ಬ್ಯಾಂಕಾಕಿನಲ್ಲಿ ಕಂಚಿನ ಪದಕವು ದೊರೆಯಿತು. ಆ ತಂಡದ ನಾಯಕರು ಹೈದರಾಬಾದಿನ ಸಯ್ಯದ್ ನಯೀಮುದ್ದೀನರು. ಅದನ್ನು ತಿದ್ದಿ ಸಿದ್ಧಪಡಿಸಿದ ಶಿಕ್ಷಕರಲ್ಲಿ ಒಬ್ಬರು, ಜಕಾರ್ತಾದಲ್ಲಿ ಹದಿನೇಳನೆಯ ನಿಮಿಷದ ಗೋಲನ್ನು ಹೊಡೆದ ಪಿ.ಕೆ. ಬ್ಯಾನರ್ಜಿಯವರು.